ಯಾರಪ್ಪನದೂ ಅಲ್ಲದ ಮಾತು

ನಮ್ಮ ಇಂಗ್ಲಿಷ್ ಮಾಸ್ತರರ ಕಿವಿಗಳು ಒಣಗಿದ ಅಂಜೂರದ ಹಾಗೆ ಮುದುಡಿಕೊಂಡಿದ್ದವು. ತಾಲೀಮಿನಲ್ಲಿ ವರ್ಷಗಟ್ಟಲೆ ತಲೆಗೆ ತಲೆ ಉಜ್ಜಿ, ಎದುರಾಳಿಯ ಮೊಣಕೈಯಡಿ ಸಿಕ್ಕಿ ನುಗ್ಗಾಗಿ, ಒಳಗೇ ರಕ್ತ ಹೆಪ್ಪುಗಟ್ಟಿ ಕಲ್ಲಾದ ಪೈಲವಾನರ ಕಿವಿಗಳು. ಎಡಗಿವಿಯಲ್ಲಿ ತೂತೇ ಕಾಣುತ್ತಿರಲಿಲ್ಲ. ಬರೀ ಒಂದು ಗಂಟು. ಬಲಗಿವಿ ತುಸು ವಾಸಿ. ಯಾರಾದರೂ ಮಾತಾಡಿಸಿದರೆ ಅವರು ತಲೆಯನ್ನಷ್ಟೇ ಅಲ್ಲ, ಇಡೀ ಮೈಯನ್ನು ಎಡಕ್ಕೆ ತಿರುಗಿಸಿ ಬಲಗಿವಿಯನ್ನು ಮುಂದೆ ತರುತ್ತಿದ್ದರು, ಹಿಡಿತಕ್ಕೆ ಸಿದ್ಧನಾದವನ ಹಾಗೆ. ಹೊಸ ಹುಡುಗರು ಹೆದರಿ ಹಿಂದೆ ಸರಿಯುತ್ತಿದ್ದರು.

ಇಷ್ಟು ಖಚಿತ. ಮುಂದಿನದರ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ. ಧಾರವಾಡದಲ್ಲಿ ಇತಿಹಾಸ ಓದಿ ನಾನು ಕಲಿತದ್ದು ಒಂದೇ: ಸಾಕ್ಷಿಯಿಲ್ಲದ್ದನ್ನು ನಂಬಬಾರದು, ಸಾಕ್ಷಿ ನಾನೇ ಆಗಿದ್ದರೆ ಇನ್ನೂ ನಂಬಬಾರದು. ಇದು ಜ್ಞಾನವೋ ರೋಗವೋ ತಿಳಿಯದು. ಅಂಟಿಕೊಂಡ ಮೇಲೆ ಬಿಟ್ಟಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಮಾಸ್ತರರು ತೀರಿಕೊಂಡರು. ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟು, ಕಾಲೇಜಿನಲ್ಲಿ ಪಾಠ ಮಾಡುವವನೆಂದು ನನ್ನನ್ನು ಮಾತಾಡಲು ಕರೆದರು. ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ವರ್ಷಗಳಿಂದ ಗೆಳೆಯರಿಗೆ, ವಿದ್ಯಾರ್ಥಿಗಳಿಗೆ ಅದನ್ನೇ ಹೇಳುತ್ತ ಬಂದಿದ್ದೆ: ಗಡಿಯ ಗದ್ದಲದಲ್ಲಿ ಕನ್ನಡದ ಹುಡುಗರೂ ಮರಾಠಿ ಹುಡುಗರೂ ಒಬ್ಬರ ತಲೆ ಒಬ್ಬರು ಒಡೆಯುತ್ತಿದ್ದಾಗ, ಪೈಲವಾನ ಮಾಸ್ತರೊಬ್ಬರು ಯಾರಿಗೂ ಸೇರದ ಸ್ಪ್ಯಾನಿಷ್ ಭಾಷೆಯ ಶಬ್ದಗಳನ್ನು ಆಟ ಆಡಿಸಿ ಕಲಿಸಿದರು, ಒಬ್ಬರನ್ನೊಬ್ಬರು ಹೊಡೆಯುವ ಕೈಗಳಿಂದ ನೆಲಕ್ಕೆ ಹೊಡೆಸಿದರು.

ಸಭೆಯ ಹಿಂದಿನ ಸಂಜೆ ಊರಿಗೆ ಬಂದಿಳಿದಾಗ ಅಪ್ಪಾಸಾಬ ಸಿಕ್ಕ. ಮರಾಠಿ ವಿಭಾಗದಲ್ಲಿ ನನ್ನ ಓರಗೆಯವನು. ಈಗ ಕಾಗವಾಡದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನಾನು ಹೇಳಲಿರುವುದನ್ನು ಕೇಳಿ ನಕ್ಕ.

"ಶಾಂತಿ ಗೀಂತಿ ಏನಿಲ್ಲೋ ಮಾರಾಯಾ. ಮಾಸ್ತರಗ ಇದ್ದ ಒಂದ ಬಲಗಿವೀನೂ ಹೋತು. ಹುಡುಗ್ರು ಬಾಯಿಲೆ ಉತ್ತರಾ ಕೊಟ್ರ ಕೇಳವಲ್ದು. ಅದಕ್ಕ ನೆಲಾ ಬಡಿಯೂ ಆಟ ತಗದ್ರು. ಯಾರ ಕೈ ಮೊದಲ ಬಿತ್ತು ಅಂತ ಕಣ್ಣಿಲೆ ನೋಡಿದ್ರ ಸಾಕು, ಕಿವಿ ಯಾಕ ಬೇಕು? ನೌಕರಿ ಉಳಿಸ್ಕೊಳ್ಳಾಕ ಮಾಡಿದ ಯುಕ್ತಿ ಅದು."

"ಆಟ ಮೊದಲಿಂದ ಇತ್ತಲ್ಲೋ."

"ಯಾವ ಮೊದಲಿಂದ? ಕಿವಿ ಹೋದ ಮ್ಯಾಲ. ನನಗ ಚೊಲೊ ನೆನಪೈತಿ. ನಿನಗ ಪುಸ್ತಕಾ ಓದಿ ಓದಿ ತಲಿ ಕೆಟ್ಟೈತಿ."

ಆಟ ಮೊದಲೋ, ಕಿವಿ ಹೋದದ್ದು ಮೊದಲೋ. ನಾನು ಮರುದಿನ ಹೇಳಬೇಕಾದ ಪ್ರತಿ ಮಾತೂ ಈ ಒಂದು ಪ್ರಶ್ನೆಯ ಮೇಲೆ ನಿಂತುಬಿಟ್ಟಿತು. ಕಿವಿ ಮೊದಲು ಹೋಗಿದ್ದರೆ, ನಾನು ಇಷ್ಟು ವರ್ಷ ಹೊತ್ತು ತಿರುಗಿದ್ದು ಒಬ್ಬ ಕಿವುಡನ ಜಾಣತನವನ್ನು, ಅಷ್ಟೇ. ಕೆಟ್ಟ ಸಂಗತಿಯೆಂದರೆ, ನನ್ನ ಓದಿದ ಬುದ್ಧಿಗೆ ಅಪ್ಪಾಸಾಬನ ಮಾತೇ ಹೆಚ್ಚು ನಂಬುವಂತೆ ಕಂಡಿತು.

ನಮ್ಮ ಊರು ಕಾಗವಾಡದಿಂದ ಅಥಣಿಗೆ ಹೋಗುವ ದಾರಿಯಲ್ಲಿದೆ. ಶಾಲೆ ಒಂದು, ವಿಭಾಗ ಎರಡು. ಇಂಗ್ಲಿಷಿಗೆ ಮಾತ್ರ ಮಾಸ್ತರರು ಒಬ್ಬರೇ ಆದ್ದರಿಂದ ಆ ತಾಸಿಗೆ ಎರಡೂ ವಿಭಾಗವನ್ನು ದೊಡ್ಡ ಕೋಣೆಯಲ್ಲಿ ಒಟ್ಟಿಗೆ ಕೂಡಿಸುತ್ತಿದ್ದರು. ಎಂಬತ್ತರ ದಶಕದ ನಡುವಿನ ವರ್ಷಗಳು. ನಿಪ್ಪಾಣಿ ಕಡೆಯಿಂದ ಬಂದವರು ಸುಟ್ಟ ಬಸ್ಸಿನ ಸುದ್ದಿ ಹೇಳುತ್ತಿದ್ದರು, ಚಿಕ್ಕೋಡಿ ಕಡೆಯಿಂದ ಬಂದವರು ಕಲ್ಲಿನ ಸುದ್ದಿ. ಬೆಳಗಾಗುವಷ್ಟರಲ್ಲಿ ಊರಿನ ನಾಮಫಲಕಗಳಿಗೆ ಡಾಂಬರು ಬಿದ್ದಿರುತ್ತಿತ್ತು. ಒಂದು ದಿನ ಕನ್ನಡದ ಅಕ್ಷರಕ್ಕೆ, ಇನ್ನೊಂದು ದಿನ ಮರಾಠಿಗೆ. ಮನೆಯಲ್ಲಿ ಎರಡೂ ಮಾತಾಡುತ್ತಿದ್ದ ಹುಡುಗರು ಶಾಲೆಯ ಗೇಟು ದಾಟಿದೊಡನೆ ಒಂದನ್ನು ಆರಿಸಿಕೊಳ್ಳಬೇಕಿತ್ತು. ನಮ್ಮ ಚೀಲದಲ್ಲಿ ಕಂಪಾಸಿನ ಜೊತೆ ಸೈಕಲ್ಲಿನ ಚೈನು ಇರುತ್ತಿತ್ತು, ಕಿಸೆಯಲ್ಲಿ ಕಲ್ಲು. ಒಬ್ಬನ ಬಾಯಿಗೆ ಕಬ್ಬಿನ ಗಳದಿಂದ ಹೊಡೆದಾಗ ಅವನ ಮುಂದಿನ ಹಲ್ಲು ಮುರಿದು ಆ ಗಳದಲ್ಲೇ ನಾಟಿಕೊಂಡಿದ್ದನ್ನು ನಾನು ನೋಡಿದ್ದೇನೆ. ಹೊಡೆದವನು ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತ ಓಡಿದ. ನಾವು ನಕ್ಕೆವು.

ಮಾಸ್ತರರೂ ಸಾಧುವಲ್ಲ. ಇರುವೆ ತುಳಿಯದಂತೆ ನಡೆಯುವ ಜೈನ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ರಾಯಬಾಗ, ಚಿಕ್ಕೋಡಿಯ ಕಣಗಳಲ್ಲಿ ಮನುಷ್ಯರನ್ನು ನೆಲಕ್ಕೆ ಅಪ್ಪಳಿಸಿ ಬೆಳೆದವರು. ಸಿಟ್ಟು ಬಂದರೆ ಮೊದಲು ಕೈ ಏಳುತ್ತಿತ್ತು, ಆಮೇಲೆ ಮಾತು.

ನಾನು ಆ ಶಾಲೆಯ ಎಂಟನೆಯ ಇಯತ್ತೆಗೆ ಸೇರುವ ಹಿಂದಿನ ವರ್ಷ ಆ ಕೈ ಭರಮು ಎಂಬ ಕನ್ನಡ ವಿಭಾಗದ ಹುಡುಗನ ಮೇಲೆ ಎದ್ದಿತು. ಭರಮು ಮರಾಠಿ ಹುಡುಗನೊಬ್ಬನ ತೊಡೆಗೆ ಕಂಪಾಸಿನ ಮೊನೆ ಇಳಿಸಿ ತಿರುವಿದ್ದ. ಮಾಸ್ತರರು ಬಂದವರೇ ಅವನ ಎಡಗೆನ್ನೆಗೆ ಒಂದು ಕೊಟ್ಟರು. ಹುಡುಗ ಬೀಳಲಿಲ್ಲ. ಬಿದ್ದಿದ್ದರೆ ಅವರಿಗೆ ಅಷ್ಟು ಭಯವಾಗುತ್ತಿರಲಿಲ್ಲವಂತೆ. ನಿಂತೇ ಇದ್ದ, ಕಿವಿಯಿಂದ ದಾರದಷ್ಟು ತೆಳುವಾಗಿ ರಕ್ತ ಇಳಿಯಿತು, "ಏನಂದ್ರಿ ಸರ್?" ಎಂದ. ಅವರು ಏನೂ ಅಂದಿರಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ರಸ್ತೆಗೆ ಓಡಿ, ಹಾಲಿನ ಗಾಡಿ ನಿಲ್ಲಿಸಿ ಮಿರಜಿನ ದವಾಖಾನೆಗೆ ಒಯ್ದರು. ಕಿವಿ ತಿರುಗಿ ಬರಲಿಲ್ಲ. ಭರಮು ಶಾಲೆಗೂ ತಿರುಗಿ ಬರಲಿಲ್ಲ.

ಅಂದಿನಿಂದ ಅವರು ಕುರ್ಚಿಯಲ್ಲಿ ಕೂತಾಗ ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಳ್ಳುತ್ತಿದ್ದರು. ನಾವು ಕೇಳಿದರೆ, "ಈ ಕೈ ಕಡಿಯೂ ನಾಯಿ ಇದ್ದಂಗ. ಬಿಚ್ಚಿ ಬಿಡಬಾರದು" ಎನ್ನುತ್ತಿದ್ದರು. ಇನ್ನು ಯಾರ ಮೇಲೂ ಕೈ ಎತ್ತುವುದಿಲ್ಲ ಎಂಬುದು ಅವರ ಹಟ. ಹಟವೇ ಸರಿ, ವ್ರತ ಎನ್ನಲಾರೆ. ಅದನ್ನು ಹಿಡಿದಿಡಲು ಪಡುತ್ತಿದ್ದ ಕಷ್ಟ ಅವರ ಕತ್ತಿನ ನರದಲ್ಲಿ ಕಾಣುತ್ತಿತ್ತು.

ಆದರೆ ಇಂಗ್ಲಿಷ್ ತಾಸು ನಡೆಯಬೇಕಲ್ಲ. ಒಂದು ದಿನ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಆಡಿನ ಹೆಸರು ಬರೆದರು. ಅದರ ಅರ್ಥ ಬರೆಯಲು ಸೀಮೆಸುಣ್ಣ ಎತ್ತಿದ್ದೇ ತಡ, ಈ ಕಡೆಯಿಂದ "ಆಡು ಮ್ಯಾಲ ಬರೀರಿ ಸರ್!" ಆ ಕಡೆಯಿಂದ "ಶೇಳಿ ವರ ಲಿಹಾ ಸರ್!" ಯಾರ ಅರ್ಥ ಮೇಲೆ, ಯಾರದು ಕೆಳಗೆ? ಒಂದು ಕಲ್ಲು ಹಲಗೆಗೆ ಬಡಿಯಿತು. ಇನ್ನೊಂದು ಯಾರದೋ ಹುಬ್ಬಿಗೆ. ಮುಂದಿನ ಬೆಂಚು ಉರುಳಿತು. ಮಾಸ್ತರರು ಬಲಗೈಯನ್ನು ತೊಡೆಗೆ ಒತ್ತಿ ಹಿಡಿದರು. ಅವರು ತಿರುಗಿ, ಮುಂಗೈಯಿಂದ ಹಲಗೆಯನ್ನೆಲ್ಲ ಉಜ್ಜಿ ಅಳಿಸಿ, ಗಡ್ಡವಿದ್ದ ಒಂದು ಆಡಿನ ಚಿತ್ರ ತೆಗೆದರು. ಅಕ್ಷರ ಬರೆಯಲಿಲ್ಲ.

"ಕಾಬ್ರಾ," ಎಂದರು.

ಗದ್ದಲ ನಿಂತಿತು. ಹಿಂದಿನಿಂದ ಒಬ್ಬ ಕೇಳಿದ: "ಇದ್ಯಾವ ಮಾತ್ರಿ ಸರ್?"

"ಸ್ಪ್ಯಾನಿಷ್."

"ಯಾರದ್ರಿ ಅದು?"

"ಯಾರಪ್ಪಂದೂ ಅಲ್ಲ. ನಿಮ್ಮಪ್ಪಂದೂ ಅಲ್ಲ, ಅವರಪ್ಪಂದೂ ಅಲ್ಲ, ನಮ್ಮಪ್ಪಂದಂತೂ ಮೊದಲ ಅಲ್ಲ. ಅಂದ ಮ್ಯಾಲ ಬಡದಾಡಾಕ ಏನೈತಿ? ಅನ್ರಿ, ಕಾಬ್ರಾ."

ಅಂದೆವು. ಆಮೇಲೆ ಅದೇ ಚಿತ್ರದ ಮೇಲೆ ಇಂಗ್ಲಿಷಿನ ಹೆಸರನ್ನೂ ಹೇಳಿಸಿದರು. ಅರ್ಥ ಬರೆಯುವ ಪ್ರಶ್ನೆಯೇ ಮತ್ತೆ ಬರಲಿಲ್ಲ.

ಸ್ಪ್ಯಾನಿಷ್ ಅವರಿಗೆ ಬಂದದ್ದು ಹಡಗಿನಿಂದ. ಕುಸ್ತಿಯಲ್ಲಿ ಮೊಣಕಾಲು ಕೆಟ್ಟ ಮೇಲೆ ಮುಂಬಯಿಯ ಬಂದರಿಗೆ ಹೋಗಿ, ಸರಕಿನ ಹಡಗೊಂದರಲ್ಲಿ ಎಂಜಿನ್ನಿಗೆ ಎಣ್ಣೆ ಬಿಡುವ ಕೆಲಸ ಮಾಡಿದ್ದರಂತೆ. ಆ ಹಡಗಿನ ಅಡುಗೆಯವನು ಒಂದೊಂದೇ ಸಾಮಾನು ತೋರಿಸಿ ಹೆಸರು ಕೇಳುತ್ತಿದ್ದ. ತಪ್ಪಿದರೆ ಕಬ್ಬಿಣದ ಸೌಟಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದ. "ನಾ ಕಲ್ತದ್ದೂ ಹೊಡತಾ ತಿಂದ," ಎನ್ನುತ್ತಿದ್ದರು. ಆಮೇಲೆ ಊರಿಗೆ ಬಂದು, ಓದಿ, ಮಾಸ್ತರಿಕೆ ಹಿಡಿದರು. ಇದೆಲ್ಲ ನಿಜವೇ ಎಂದು ನನಗೆ ಅನುಮಾನ ಬಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸ್ಪ್ಯಾನಿಷ್ ಕೋಶ ತೆರೆದು ನೋಡಿದೆ. ನನಗೆ ನೆನಪಿದ್ದ ಶಬ್ದಗಳಲ್ಲಿ ಹೆಚ್ಚಿನವು ಸಿಕ್ಕವು. ಬೆಕ್ಕಿಗೆ ಅವರು ಹೇಳಿಕೊಟ್ಟ ಶಬ್ದ ಮಾತ್ರ ಯಾವ ಪುಟದಲ್ಲೂ ಇರಲಿಲ್ಲ. ಆ ಅಡುಗೆಯವನ ಊರಿನ ಬೈಗುಳವಿರಬೇಕು.

ದಿನವೂ ತಾಸಿನ ಆರಂಭದಲ್ಲಿ ಸ್ವಲ್ಪ ಹೊತ್ತು ಈ ಆಟಗಳು. ಬಾಗಿಲಲ್ಲಿ ಒಂದು ಬುಟ್ಟಿ ಇರುತ್ತಿತ್ತು. ಕಿಸೆಯಲ್ಲಿ ಕಲ್ಲು ತಂದವನು ಅದನ್ನು ಬುಟ್ಟಿಗೆ ಹಾಕಿ 'ಪಿಯೆದ್ರಾ' ಎಂದು, ಜೊತೆಗೆ ಹಿಂದಿನ ದಿನದ ಒಂದು ಶಬ್ದ ಹೇಳಿ ಒಳಗೆ ಬರಬೇಕು. ಕಲ್ಲು ತಂದದ್ದಕ್ಕೆ ಶಿಕ್ಷೆಯಿಲ್ಲ. ಕೆಲವರು ಶಬ್ದ ಹೇಳುವ ಚಟಕ್ಕೇ ಕಲ್ಲು ತರತೊಡಗಿದರು. ಬಯಲಿನಲ್ಲಿ ಹುತೂತು, ಅಂದರೆ ಕಬಡ್ಡಿ, ಆಡಿಸುತ್ತಿದ್ದರು: ಗೆರೆ ದಾಟಿ ಹೋದವನು ಉಸಿರು ಬಿಡದೆ ಸ್ಪ್ಯಾನಿಷ್ ಶಬ್ದಗಳನ್ನೇ ಹೇಳುತ್ತ ಹೋಗಬೇಕು, ಒಂದನ್ನು ಎರಡು ಸಲ ಹೇಳಿದರೆ ಔಟು. ಒಂದು ಸಲ ನಮ್ಮವನೊಬ್ಬನ ಹೆಗಲಿನ ಎಲುಬು ಮುರಿಯಿತು. ಮಲಗಿದಲ್ಲಿಂದಲೇ ಅವನು "ಆಗ್ವಾ, ಆಗ್ವಾ" ಎಂದು ಅರಚಿದ. ನೀರು ಬೇಕೆಂದನೋ, ಉಸಿರು ಇನ್ನೂ ಮುಗಿದಿಲ್ಲವೆಂದು ಸಾಧಿಸಿದನೋ ಗೊತ್ತಿಲ್ಲ. ಎರಡೂ ಕಡೆಯವರು ಜಗಳಾಡಿದರು, ಆದರೆ ಅದು ಔಟೋ ಅಲ್ಲವೋ ಎಂಬುದಕ್ಕೆ.

ಎಲ್ಲಕ್ಕಿಂತ ದೊಡ್ಡದು ನೆಲ ಬಡಿಯುವ ಆಟ. ದೊಡ್ಡ ಕೋಣೆಯದು ಸಾರಿಸಿದ ಮಣ್ಣಿನ ನೆಲ. ಅದರ ಮೇಲೆ ಸೀಮೆಸುಣ್ಣದಿಂದ ಚಿತ್ರಗಳು: ಎತ್ತು, ಕಬ್ಬು, ಸೂರ್ಯ, ಕೈ, ಕಿವಿ. ಈ ಕಡೆಯ ಒಬ್ಬ, ಆ ಕಡೆಯ ಒಬ್ಬ. ತೂಕ ನೋಡಿ ಕುಸ್ತಿಗೆ ಹಚ್ಚಿದ ಹಾಗೆ ಜೋಡಿ ಹಚ್ಚುತ್ತಿದ್ದರು. ಮಾಸ್ತರರು ಶಬ್ದ ಕೂಗಿದೊಡನೆ ಇಬ್ಬರೂ ತೊಡೆ ತಟ್ಟಿ ಹಾರಿ ಆ ಚಿತ್ರದ ಮೇಲೆ ಅಂಗೈ ಬಡಿಯಬೇಕು. "ಹೊಡೀರಿ! ಇನ್ನೂ ಜೋರ್ಲೆ ಹೊಡೀಲೇ ಮಗನ! ನೆಲಕ್ಕ ನೋವಾಗೂದಿಲ್ಲ!" ನಮ್ಮ ಅಂಗೈಗಳು ಬಾತುಕೊಳ್ಳುತ್ತಿದ್ದವು, ಸೀಮೆಸುಣ್ಣದಲ್ಲಿ ರಕ್ತ ಕಲಸುತ್ತಿತ್ತು. ಮೊದಲು ಬಡಿದವನು ಗೆದ್ದ, ಅಷ್ಟೇ; ಗೆದ್ದವನ ಕಡೆಯವರು ಕೂಗುವಂತಿಲ್ಲ. ಆದರೆ ಎರಡೂ ಅಂಗೈ ಒಟ್ಟಿಗೆ ಬಿದ್ದರೆ, ಅವರು ಇಬ್ಬರ ಮಣಿಕಟ್ಟು ಹಿಡಿದು ಮೇಲೆತ್ತಿ, ಕುಸ್ತಿ ಬರಾಬರಿ ಆದಾಗ ಪಂಚರು ಇಬ್ಬರ ಕೈಯನ್ನೂ ಎತ್ತಿ ಸಾರುವ ಹಾಗೆ, "ಇಗ್ವಾಲ್!" ಎಂದು ಕೂಗುತ್ತಿದ್ದರು. ಸಮ ಎಂದು ಅರ್ಥ. ಆಗ ಮಾತ್ರ ಇಡೀ ಕೋಣೆ, ಎರಡೂ ಕಡೆಯವರು, ಒಂದೇ ಒಂದು ಸಲ ಒಟ್ಟಿಗೆ ನೆಲ ಬಡಿಯಬೇಕು. ಯಾರೂ ಸೋತಿಲ್ಲ ಎಂಬುದಕ್ಕೆ. ಗೋಡೆಯ ಮೇಲಿನ ನಕಾಶೆ ಅಲುಗುತ್ತಿತ್ತು. ನಾವು ಆ ಒಂದು ಏಟಿಗಾಗಿ ಕಾಯುತ್ತಿದ್ದೆವು.

ತಮಾಷೆಯೂ ಇತ್ತು. ತಂಬಾಕಿಗೆ 'ತಬಾಕೊ' ಎಂದಾಗ ಯಾರೋ, "ನಮ್ಮದ ಮಾತ ಐತಲ್ರಿ ಸರ್" ಎಂದ. "ಹೌದೋ. ನಿಪ್ಪಾಣಿ ಮಂದಿ ಅರ್ಧಾ ಸ್ಪ್ಯಾನಿಷ್ ಹುಟ್ಟಾನ ಕಲ್ತಿರ್ತಾರ" ಎಂದರು. ಅವರ ಮನೆಮಾತು ಯಾವುದೆಂದು ನಮಗೆ ತಿಳಿಯಲೇ ಇಲ್ಲ. ಕನ್ನಡದವರ ಹತ್ತಿರ ಕನ್ನಡ, ಮರಾಠಿಯವರ ಹತ್ತಿರ ಮರಾಠಿ. "ಮನಿಯಾಗ ಯಾವ ಮಾತ ಆಡ್ತೀರಿ ಸರ್?" ಎಂದು ಅಪ್ಪಾಸಾಬ ಒಮ್ಮೆ ಕೇಳಿಯೇಬಿಟ್ಟ. "ಮನಿಯಾಗ ನಾ ಒಬ್ಬವ್ನ ಇರ್ತೀನಿ. ಸುಮ್ಕ ಇರ್ತೀನಿ."

ಹೊರಗಿನವರಿಗೆ ಇದು ಹಿಡಿಸಲಿಲ್ಲ. ಈ ಕಡೆಯ ಮುಖಂಡರು ಬಂದು, ನಮ್ಮ ಮಕ್ಕಳಿಗೆ ಕಳ್ಳತನದಿಂದ ಅವರ ಭಾಷೆ ಕಲಿಸುತ್ತೀರಿ ಎಂದು ಬೈದು ಹೋದರು. ಮುಂದೆ ಆ ಕಡೆಯವರು ಬಂದು ಅದನ್ನೇ ತಿರುಗಿಸಿ ಬೈದರು. ಆ ವರ್ಷಗಳಲ್ಲಿ ಎರಡೂ ಕಡೆಯವರು ಒಪ್ಪಿದ್ದು ಒಂದೇ ವಿಷಯವನ್ನು: ಈ ಮಾಸ್ತರನಿಗೆ ಒಂದು ದಿನ ಬೀಳಬೇಕು.

ಬಿತ್ತು. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದೆ. ಬಡಿಗೆ ಹಿಡಿದ ಹುಡುಗರ ಗುಂಪೊಂದು ಮರಾಠಿ ವಿಭಾಗದವರನ್ನು ಎಳೆದು ಹಾಕಲು ಶಾಲೆಗೆ ನುಗ್ಗಿತು. ಅವತ್ತು ಮಾಸ್ತರರ ಬಲಗಿವಿ ಹೋಯಿತು. ಇಷ್ಟರಲ್ಲಿ ಯಾರಿಗೂ ಅನುಮಾನವಿಲ್ಲ. ಹೇಗೆ ಹೋಯಿತು ಎಂದರೆ ಊರಿನಲ್ಲಿ ಬಾಯಿಗೊಂದು ಕತೆ. ಕಲ್ಲು ಬಡಿಯಿತು ಎನ್ನುವವರಿದ್ದಾರೆ. ಭರಮು ಸೇಡು ತೀರಿಸಿಕೊಂಡ ಎನ್ನುವವರಿದ್ದಾರೆ. ಮಾಸ್ತರರು ಮೂರು ಜನರನ್ನು ಗೋಡೆಯಾಚೆ ಎಸೆದರು ಎಂದು ಪ್ರಮಾಣ ಮಾಡುವವರೂ ಇದ್ದಾರೆ. ಅಪ್ಪಾಸಾಬನಂತೂ ಆ ವಾರ ಶಾಲೆಗೇ ಹೋಗಿರಲಿಲ್ಲ. ನನಗೆ ಆ ದೃಶ್ಯ ಚೆನ್ನಾಗಿ ನೆನಪಿದೆ: ಕಿಟಕಿಯ ಸರಳು, ಆಚೆ ಧೂಳು, ಅವರ ಬಿಳಿ ಅಂಗಿಯ ಹೆಗಲಲ್ಲಿ ಕೆಂಪು. ತೊಂದರೆಯೇನೆಂದರೆ, ಗದ್ದಲದ ಆ ವಾರವೆಲ್ಲ ಅವ್ವ ನನ್ನನ್ನು ತೆಲಸಂಗದ ತನ್ನ ತವರಿಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿಯ ಸೋದರತ್ತೆ ಇವತ್ತಿಗೂ ಅದನ್ನು ಹೇಳುತ್ತಾಳೆ. ಹಾಗಾದರೆ ಆ ಕಿಟಕಿಯಲ್ಲಿ ನಿಂತು ನೋಡಿದ ಕಣ್ಣು ಯಾರದು? ಇಲ್ಲದ ಕಡೆ ಇದ್ದೆನೆಂದು ನೆನಪಿಟ್ಟುಕೊಳ್ಳುವ ತಲೆ, ಆಟ ಎಂಟನೆಯ ಇಯತ್ತೆಯಲ್ಲೇ ಇತ್ತು ಎಂದರೆ ಹೇಗೆ ನಂಬಲಿ?

ಕಿವಿ ಹೋದ ಮೇಲಿನದು ಮಾತ್ರ ಎಲ್ಲರಿಗೂ ಒಂದೇ ಥರ ನೆನಪಿದೆ, ಯಾಕೆಂದರೆ ಅದರಲ್ಲಿ ನಾವೆಲ್ಲ ಸೇರಿದ್ದೆವು. ಪೂರ್ತಿ ಕಿವುಡಾದದ್ದು ಮೇಲಿನವರಿಗೆ ತಿಳಿದರೆ ನೌಕರಿ ಹೋಗುತ್ತದೆ. ಮಾಸ್ತರರು ಯಾರಿಗೂ ಮುಚ್ಚಿಡಿ ಎನ್ನಲಿಲ್ಲ. ಒಮ್ಮೆ ತಪಾಸಣೆಯ ಸಾಹೇಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮಾಸ್ತರರು ಹಲಗೆಗೆ ಮುಖ ಮಾಡಿ ಬರೆಯುತ್ತಿದ್ದಾಗ, "ಮಾಸ್ತರ, ಇದು ಎಷ್ಟನೇ ಪಾಠ?" ಎಂದರು. ಮಾಸ್ತರರು ಬರೆಯುತ್ತಲೇ ಇದ್ದರು. ಮುಂದೆ ಕೂತಿದ್ದ ಅಪ್ಪಾಸಾಬ ನೆಲಕ್ಕೆ ಅಂಗೈ ಬಡಿದ. ಕಾಲಿಗೆ ಮುಟ್ಟಿತೇನೋ, ತಿರುಗಿದರು. ನನ್ನ ಪಕ್ಕದವನು ತುಟಿಯಲ್ಲೇ ಪ್ರಶ್ನೆ ಆಡಿ ತೋರಿಸಿದ. ಅವರು ಉತ್ತರ ಕೊಟ್ಟರು.

"ಇದೇನ್ರಿ ಪದ್ಧತಿ? ಇಂಗ್ಲಿಷ್ ತಾಸಿನ್ಯಾಗ ಹುಡುಗ್ರು ನೆಲಾ ಬಡೀತಾರ?"

ಅದನ್ನೂ ನನ್ನ ಪಕ್ಕದವನ ತುಟಿಯಿಂದಲೇ ಓದಿಕೊಂಡರು. "ಕೈಯಿಲೆ ಕಲ್ತದ್ದ ತಲ್ಯಾಗ ಉಳೀತೈತ್ರಿ ಸಾಹೇಬ್ರ."

ಸಾಹೇಬರು ತಲೆಯಾಡಿಸಿ ಚಹಾಕ್ಕೆ ಎದ್ದರು. ಅವತ್ತು ಎರಡೂ ವಿಭಾಗ ಸೇರಿ ಒಂದೇ ಸುಳ್ಳು ಹೇಳಿದವು. ನಾವು ಹತ್ತನೆಯದು ಮುಗಿಸಿ ಹೋದ ಮೇಲೂ ನಮ್ಮ ಹಿಂದೆ ಬಂದ ತಂಡಗಳು ಅದನ್ನೇ ಹೇಳುತ್ತ ಅವರನ್ನು ನಿವೃತ್ತಿಯವರೆಗೆ ದಾಟಿಸಿದವು. ಆದರೆ ನೋಡಿ, ಇದೂ ಅಪ್ಪಾಸಾಬನ ಕಡೆಗೇ ಸಾಕ್ಷಿ ಹೇಳುತ್ತದೆ. ಕಿವುಡನಿಗೆ ಅದಕ್ಕಿಂತ ಒಳ್ಳೆಯ ಆಟ ಬೇರೆ ಇಲ್ಲ.

ಅವರು ಸತ್ತದ್ದೂ ಕಿವಿಯಿಂದಲೇ. ಹೊಲದಿಂದ ನಡೆದು ಬರುತ್ತಿದ್ದಾಗ ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂತು, ಹಾಡು ಹಚ್ಚಿಕೊಂಡು, ಹಾರ್ನ್ ಹೊಡೆಯುತ್ತ. ಊರಿಗೆಲ್ಲ ಕೇಳಿಸುವ ಹಾರ್ನು. ಅವರು ರಸ್ತೆ ಬಿಡಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿದ ಎರಡನೆಯ ಡಬ್ಬಿಯ ಗಾಲಿ ಅವರ ಎದೆಯ ಮೇಲೆ ಹಾಯಿತು.

ಸಭೆಯ ದಿನ ನಾನು ಬೇಗ ಹೋದೆ. ಶಾಲೆಯ ಅಂಗಳದಲ್ಲಿ ಉದ್ದಜಿಗಿತಕ್ಕೆಂದು ತೋಡಿ ಮಣ್ಣು ಸಡಿಲಿಸಿದ ಹೊಂಡದ ದಂಡೆಯಲ್ಲಿ ಒಬ್ಬ ಚಪ್ಪಲಿ ಬಿಟ್ಟು ಕೂತಿದ್ದ. ವಯಸ್ಸಿಗೆ ಮೊದಲೇ ತಲೆ ಅರ್ಧ ನರೆತಿತ್ತು. ಎಡಕ್ಕೆ ಹೋಗಿ ಮಾತಾಡಿಸಿದೆ. ಅವನು ಕೈ ಹಿಡಿದು ನನ್ನನ್ನು ಬಲಕ್ಕೆ ಎಳೆದುಕೊಂಡ. ಆಗ ಗುರುತು ಹತ್ತಿತು.

"ಭರಮು, ಒಂದು ಮಾತು ಕೇಳಬೇಕು. ಅವತ್ತು ಬಡಿದದ್ದು ಕಲ್ಲೋ?"

"ಅಲ್ರಿ. ಕೈ. ನಂದ ಕೈ." ಅವನು ಅದನ್ನು ಮಡಿಲಲ್ಲಿಟ್ಟು ನೋಡಿಕೊಂಡ. "ಹೆಡ್ ಮಾಸ್ತರ ಒಳಗ ಕೀಲಿ ಹಾಕ್ಕೊಂಡಿದ್ರು. ಇವರೊಬ್ರ ಹೊರಗ ಬಂದ್ರು, ಬಾಗಲಾ ಎಳಕೊಂಡ್ರು, ಇಲ್ಲೇ ನಿಂತ್ರು. ನಾ ಅಂದ್ನಿ, ಎತ್ರಿ ಸರ್ ಕೈ, ನನಗ ಇನ್ನೊಂದ ಕಿವಿ ಐತಿ."

"ಎತ್ತಿದರಾ?"

"ಇಲ್ರಿ. ಬಗ್ಗಿ ಈ ಹೊಂಡದಾಗಿನ ಮಣ್ಣ ಒಂದ ಹಿಡಿ ತಗೊಂಡ ನನ್ನ ಕೈಯಾಗ ಇಟ್ರು."

ನಮ್ಮ ಕಡೆ ಕುಸ್ತಿಗೆ ಮೊದಲು ಹಾಗೆ ಮಣ್ಣು ಕೊಡುತ್ತಾರೆ. ಕೊಟ್ಟವನಿಗೂ ಪಡೆದವನಿಗೂ ಕಣ ಕಟ್ಟಿದ ಹಾಗೆ. ನಡುವೆ ಮೂರನೆಯವನು ಬರುವಂತಿಲ್ಲ.

"ನಮ್ಮ ಹುಡುಗ್ರೆಲ್ಲಾ ತಾಲೀಮಿನ್ಯಾಗ ಬೆಳದವ್ರು," ಎಂದ ಭರಮು. "ಮಣ್ಣ ನೋಡಿ ತಾವ ಹಿಂದ ಸರದು ದುಂಡಗ ನಿಂತ್ರು. ಬಡಿಗಿ ಕೆಳಗ ಇಳದ್ವು. ಆಮ್ಯಾಲ ಇವ್ರು ಬಲಗೈ ಬೆನ್ನಿಗೆ ಕಟ್ಕೊಂಡು ಬಲಗಿವಿ ಮುಂದ ಮಾಡಿದ್ರು. 'ನನಗೂ ಒಂದ ಉಳದೈತಿ, ತಗೋ' ಅಂದ್ರು. ನಾ ಸೈತಾನ ಆಗಿದ್ನಿ. ಇದ್ದ ಬಲಾ ಹಾಕಿ ಹೊಡದ್ನಿ. ಹಸೀ ಬಡಿಗಿ ಮುರದಂಗ ಸಪ್ಪಳಾತು. ಮೊಣಕಾಲ ಊರಿದ್ರು. ಬೆನ್ನ ನೆಲಕ್ಕ ಹತ್ತಲಿಲ್ಲ. ಎದ್ರು. ಕಿವಿಯಿಂದ ರಕ್ತ ಧಾರಿ ಇಳ್ಯಾಕತ್ತಿತ್ತು. ನಾ ಇನ್ನ ಹೊಡೀತಾರ ಅಂತ ಕಣ್ಣ ಮುಚ್ಚಿದ್ನಿ. ಅವರು ನನ್ನ ಮಣಿಕಟ್ಟ ಹಿಡದು, ನಂದೂ ಅವರದೂ ಎರಡೂ ಕೈ ಮ್ಯಾಲ ಎತ್ತಿದ್ರು. ಏನೋ ಒದರಿದ್ರು. ನಮ್ಮ ಮಾತೂ ಅಲ್ಲ, ಅವರ ಮಾತೂ ಅಲ್ಲ."

"ಆಮೇಲೆ?"

"ಒಳಗ ನೆಲಾ ಬಡದ್ರು ನೋಡ್ರಿ. ಎಲ್ಲಾ ಹುಡುಗ್ರೂ ಕೂಡಿ, ಒಂದ ಸಲ. ಧಡ್ ಅಂತ. ನನ್ನ ಕಾಲಾಗ ಬಂತು."

"ಮಂದಿ?"

"ಕುಸ್ತಿ ಬರಾಬರಿ ಆದ ಮ್ಯಾಲ ಯಾರ ನಿಂತಾರ್ರಿ? ಸೀಟಿ ಹೊಡದ್ರು, ಹ್ವಾದ್ರು." ಮಡಿಲಲ್ಲಿದ್ದ ಕೈಯನ್ನು ಮಗುಚಿ ಇಟ್ಟುಕೊಂಡ. "ಆದ್ರ ಬರಾಬರಿ ಎಲ್ಲಿ ಉಳೀತ್ರಿ? ಆ ಟ್ರ್ಯಾಕ್ಟರಿನ ಸಪ್ಪಳಾ ಅವರಿಗೆ ಕೇಳಸ್ಲಿಲ್ಲ ಅಂದ್ರ, ಕೊಂದಾಂವ ನಾನ ಅಲ್ಲೇನ್ರಿ?"

ನನ್ನ ಉತ್ತರಕ್ಕೆ ಅವನು ಕಾಯಲಿಲ್ಲ. "ನೀವು ಕಲ್ತವ್ರು. ಇಷ್ಟ ವರ್ಷಾತು, ಒಂದ ತಿಳೀವಲ್ದು. ಅವತ್ತ ಆ ಹುಡುಗ್ರು ನೆಲಾ ಯಾಕ ಬಡದ್ರು?"

ಭರಮು ಆ ಆಟ ಆಡಿದವನಲ್ಲ. ಅದು ಶುರುವಾಗುವ ಮೊದಲೇ ಶಾಲೆ ಬಿಟ್ಟವನು. ಏನು ಹೇಳುತ್ತಿದ್ದೇನೆಂದು ಗೊತ್ತಿಲ್ಲದೆಯೇ ಹೇಳಿದ್ದ. ನನ್ನಂಥವನಿಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಕಿವಿ ಒಡೆದು ಇನ್ನೂ ರಕ್ತ ಆರಿರಲಿಲ್ಲ. ಅಷ್ಟರಲ್ಲೇ ಒಳಗಿನ ಹುಡುಗರಿಗೆ, ಆ ಕೂಗು ಕೇಳಿದರೆ ಏನು ಮಾಡಬೇಕೆಂದು ಗೊತ್ತಿತ್ತು. ಇನ್ನೂ ಆಡಿರದ ಆಟದ ನಿಯಮವನ್ನು ಯಾರೂ ಪಾಲಿಸಲಾರರು. ಆಟ ಮೊದಲು. ಏಟು ಆಮೇಲೆ.

ನಾನು ಅವನಿಗೆ ಹೇಳಿದೆ: "ಅದು ಆಟದ ಪದ್ಧತಿ ಭರಮು. ಎರಡೂ ಕೈ ಸಮ ಬಿದ್ದರೆ ಮಾಸ್ತರರು ಹಾಗೆ ಕೂಗುತ್ತಿದ್ದರು. ಆಗ ನಾವೆಲ್ಲ ಕೂಡಿ ನೆಲ ಬಡಿಯುತ್ತಿದ್ದೆವು. ಯಾರೂ ಸೋತಿಲ್ಲ ಅಂತ."

ಅವನು ಬಲಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದ. ಇನ್ನೊಮ್ಮೆ ಹೇಳಿಸಿಕೊಂಡ.

"ಹಂಗಂದ್ರ," ಎಂದ, "ಒಳಗ ಕುಂತವ್ರು ನನ್ನನ್ನೂ ಆಟದಾಗ ಸೇರಿಸ್ಕೊಂಡಿದ್ರೇನ್ರಿ?"

"ಹೌದು."

ಭರಮು ಹೊಂಡದ ಮಣ್ಣಿನ ಕಡೆಗೆ ಬಗ್ಗಿದ. ಆಮೇಲೆ ಅಂಗೈ ಎತ್ತಿ ಅದರ ಮೇಲೆ ಬಡಿದ. ನಾನೂ ಬಡಿದೆ. ಎರಡೂ ಒಟ್ಟಿಗೆ ಬಿದ್ದವೋ, ಒಂದು ತುಸು ಹಿಂದಾಯಿತೋ, ನೋಡಿ ಹೇಳುವವರು ಈಗ ಇಲ್ಲ.